ಮುಖದ ಮೊಡವೆ, ಮನಸ್ಸಿನ ಗಾಯ



ಸಂಘದ ಸಭೆಗಳಲ್ಲಿ ನಾವು ರಕ್ತಹೀನತೆ, ಗರ್ಭಿಣಿಯರ ಆರೈಕೆ, ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಮಾತಾಡಿದ್ದೇವೆ. ಮೊಡವೆ ಬಗ್ಗೆ ಎಂದಾದರೂ ಮಾತಾಡಿದ್ದೇವಾ? "ಅದೂ ಒಂದು ಕಾಯಿಲೆಯಾ? ವಯಸ್ಸಿಗೆ ಬಂದಾಗ ಎಲ್ಲರಿಗೂ ಬರುತ್ತೆ, ತಾನಾಗೇ ಹೋಗುತ್ತೆ" ಎಂದು ನಕ್ಕುಬಿಡುವವರೇ ಹೆಚ್ಚು.

ಅಲ್ಲೊಂದು ಇಲ್ಲೊಂದು ಮೊಡವೆಯಾದರೆ ಈ ಮಾತು ಸರಿ. ಆದರೆ ಕೆಲವು ಮಕ್ಕಳಿಗೆ ಕೆನ್ನೆ, ಗದ್ದ, ಬೆನ್ನು, ಎದೆಯ ಮೇಲೆಲ್ಲಾ ಕೀವು ತುಂಬಿದ ದೊಡ್ಡ ದೊಡ್ಡ ಗಂಟುಗಳು ಏಳುತ್ತವೆ. ಮುಟ್ಟಿದರೆ ನೋವು. ಒಣಗಿದ ಮೇಲೆ ಕಪ್ಪು ಕಲೆ, ಗುಳಿ. ಇದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಇಂಥ ಮಗಳು ಕನ್ನಡಿಗೆ ಬಟ್ಟೆ ಮುಚ್ಚುತ್ತಾಳೆ. ಮದುವೆ ಮನೆಗೆ ಬರಲ್ಲ ಅಂತಾಳೆ. ಕಾಲೇಜಿಗೆ ಹೋಗಲು ತಲೆನೋವಿನ ನೆಪ ಹೇಳುತ್ತಾಳೆ. ನಾವು ಅವಳಿಗೆ ಸೋಮಾರಿತನ, ಕೊಬ್ಬು ಎಂದು ಬೈಯುತ್ತೇವೆ. ಅವಳ ಮುಖದ ಮೇಲಿನದು ನಮಗೆ ಕಾಣುತ್ತದೆ, ಅವಳ ಮನಸ್ಸಿನೊಳಗಿನದು ಕಾಣುವುದಿಲ್ಲ.

ತೀವ್ರ ಮೊಡವೆ ಮನಸ್ಸಿಗೆ ಏನು ಮಾಡುತ್ತದೆ, ಮನಸ್ಸಿನ ಒತ್ತಡ ಮೊಡವೆಗೆ ಏನು ಮಾಡುತ್ತದೆ, ಮನೆಯವರು ಮತ್ತು ಸಂಘದವರು ಏನು ಮಾಡಬಹುದು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಮೊಡವೆ ಏಕೆ ಬರುತ್ತದೆ?

ನಮ್ಮ ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡಂತೆ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ. ಚರ್ಮ ಒಣಗದ ಹಾಗೆ ಜಿಡ್ಡು ಒದಗಿಸುವುದು ಇವುಗಳ ಕೆಲಸ. ಹರೆಯ ಬಂದಾಗ ದೇಹದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಇದು ಗಂಡಸರಲ್ಲಿ ಮಾತ್ರವಲ್ಲ, ಹೆಂಗಸರಲ್ಲೂ ಇರುತ್ತದೆ. ಆಗ ಜಿಡ್ಡು ಹೆಚ್ಚಾಗುತ್ತದೆ. ಸತ್ತ ಚರ್ಮದ ಪುಡಿ ಜಿಡ್ಡಿಗೆ ಸೇರಿ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಆ ಮುಚ್ಚಿದ ಜಾಗದಲ್ಲಿ ಬೆಳೆಯುತ್ತದೆ. ಸುತ್ತಲೂ ಊತ, ಕೆಂಪು, ಕೀವು. ಇದೇ ಮೊಡವೆ. ಊತ ಚರ್ಮದ ಆಳಕ್ಕೆ ಇಳಿದರೆ ಅದು ತೀವ್ರ ಮೊಡವೆ.

ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಮುಟ್ಟು ಸರಿಯಾಗಿ ಆಗದೆ, ಗದ್ದದ ಮೇಲೆ ಕೂದಲು ಬರುತ್ತಾ, ಜೊತೆಗೆ ಮೊಡವೆಯೂ ಇದ್ದರೆ ಅಂಡಾಶಯದ ತೊಂದರೆ, ಅಂದರೆ ಪಿ.ಸಿ.ಓ.ಡಿ. ಇರಬಹುದು. ಇದನ್ನು ವೈದ್ಯರಿಗೆ ತೋರಿಸಲೇಬೇಕು.

ಈಗ ನಾವು ದಿನಾ ಕೇಳುವ ಕೆಲವು ಮಾತುಗಳನ್ನು ನೋಡೋಣ.

"ಮುಖ ಸರಿಯಾಗಿ ತೊಳೆಯಲ್ಲ, ಅದಕ್ಕೇ." ತಪ್ಪು. ಮೊಡವೆ ಕೊಳೆಯಿಂದ ಬರುವುದಿಲ್ಲ. ಉಜ್ಜಿ ಉಜ್ಜಿ ತೊಳೆದರೆ ಇನ್ನೂ ಕೆರಳುತ್ತದೆ. ದಿನಕ್ಕೆ ಎರಡು ಸಲ ಮೆತ್ತಗೆ ತೊಳೆದರೆ ಸಾಕು.

"ಮನಸ್ಸಲ್ಲಿ ಕೆಟ್ಟ ಯೋಚನೆ ಇದ್ದರೆ ಬರುತ್ತೆ." ಇದು ಶುದ್ಧ ಸುಳ್ಳು. ಈ ಮಾತು ಕೇಳಿ ಎಷ್ಟೋ ಮಕ್ಕಳು ಒಳಗೊಳಗೇ ನಾಚಿಕೆ ಪಡುತ್ತಾರೆ.

"ಮದುವೆಯಾದರೆ ಹೋಗುತ್ತೆ." ಮದುವೆಗೂ ಮೊಡವೆಗೂ ಸಂಬಂಧವಿಲ್ಲ. ಮೂವತ್ತು, ನಲವತ್ತು ವರ್ಷದ ಹೆಂಗಸರಿಗೂ ಮೊಡವೆ ಇರುತ್ತದೆ.

"ಕರಿದದ್ದು ತಿಂದಿದ್ದಕ್ಕೆ." ತಿಂದ ಎಣ್ಣೆ ನೇರವಾಗಿ ಮುಖಕ್ಕೆ ಬರುವುದಿಲ್ಲ. ಸಕ್ಕರೆ, ಮೈದಾದಂಥ ಬೇಗ ಸಕ್ಕರೆಯಾಗುವ ಆಹಾರ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ. ಅದನ್ನು ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಅವಳು ಒಂದು ಬೋಂಡ ಕೈಗೆತ್ತಿಕೊಂಡಾಗ ಎಲ್ಲರೆದುರು ಅಣಕಿಸುವುದು ಔಷಧಿ ಅಲ್ಲ.

ಮನಸ್ಸಿಗೆ ಆಗುವ ಗಾಯ

ಕೈಗೆ ಗಾಯವಾದರೆ ಸೆರಗಿನಲ್ಲಿ ಮುಚ್ಚಿಕೊಳ್ಳಬಹುದು. ಮುಖ ಮುಚ್ಚಿಕೊಂಡು ಬದುಕಲು ಆಗುತ್ತದಾ? ಹರೆಯದಲ್ಲಿ ಮಕ್ಕಳು ತಾವು ಯಾರು, ಜನ ತಮ್ಮನ್ನು ಹೇಗೆ ನೋಡುತ್ತಾರೆ ಎಂದು ಹೆಚ್ಚು ಯೋಚಿಸುತ್ತಾರೆ. ಸರಿಯಾಗಿ ಅದೇ ವಯಸ್ಸಿಗೆ ಮೊಡವೆ ಬರುತ್ತದೆ. ಮುಖ ನೋಡಿ ಮಣೆ ಹಾಕುವ ಸಮಾಜ ನಮ್ಮದು. ಹೆಣ್ಣು ನೋಡಲು ಬಂದವರು, ಕೆಲಸ ಕೊಡುವವರು, ಮದುವೆ ಫೋಟೋ ತೆಗೆಯುವವರು ಎಲ್ಲರೂ ಮೊದಲು ನೋಡುವುದು ಮುಖವನ್ನೇ. ಈ ಭಾರ ಹೆಣ್ಣುಮಕ್ಕಳ ಮೇಲೆ ಹೆಚ್ಚು.

ಇದು ನಮ್ಮ ಊಹೆ ಅಲ್ಲ. ನಾರ್ವೆ ದೇಶದ ಓಸ್ಲೋ ನಗರದಲ್ಲಿ 18-19 ವರ್ಷದ 3,775 ಯುವಕ ಯುವತಿಯರನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮೊಡವೆ ಕಡಿಮೆ ಇದ್ದವರಿಗೆ ಹೋಲಿಸಿದರೆ, ಹೆಚ್ಚು ಇದ್ದ ಹುಡುಗಿಯರಲ್ಲಿ ಸಾಯುವ ಯೋಚನೆ ಸುಮಾರು ಎರಡು ಪಟ್ಟು, ಹುಡುಗರಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಕಂಡುಬಂತು. ಬ್ರಿಟನ್ನಿನಲ್ಲಿ ಲಕ್ಷಾಂತರ ರೋಗಿಗಳ ದಾಖಲೆ ನೋಡಿದ ಇನ್ನೊಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವೈದ್ಯರು ಮೊಡವೆ ಎಂದು ಗುರುತಿಸಿದ ಮೊದಲ ವರ್ಷದಲ್ಲಿ ಖಿನ್ನತೆ ಬರುವ ಅಪಾಯ ಉಳಿದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು.

ಇದನ್ನು ಓದಿ ಹೆದರಬೇಡಿ. ಮೊಡವೆ ಇರುವ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ "ಬರೀ ಮೊಡವೆ ತಾನೇ" ಎಂದು ತಳ್ಳಿಹಾಕಬಾರದು ಎಂಬುದಕ್ಕೆ ಇಷ್ಟು ಸಾಕು. ಹುಡುಗರ ಸಂಖ್ಯೆಯನ್ನೂ ಗಮನಿಸಿ. "ಗಂಡು ಹುಡುಗ, ಅವನಿಗೆ ಮುಖದ ಚಿಂತೆ ಏಕೆ?" ಎಂದು ನಾವು ಕೇಳುವುದೇ ಇಲ್ಲ, ಅವನು ಹೇಳುವುದೂ ಇಲ್ಲ.

ಇನ್ನೊಂದು ಮಾತು. ಮೊಡವೆ ಎಷ್ಟಿದೆ ಎಂದು ಎಣಿಸಿ ನೋವನ್ನು ಅಳೆಯಲು ಆಗದು. ಮುಖ ತುಂಬಾ ಮೊಡವೆ ಇದ್ದೂ ಒಬ್ಬಳು ನಗುನಗುತ್ತಾ ಇರಬಹುದು. ನಾಲ್ಕೇ ಮೊಡವೆ ಇದ್ದು ಇನ್ನೊಬ್ಬಳು ರಾತ್ರಿಯೆಲ್ಲಾ ಅಳುತ್ತಿರಬಹುದು. ಆದ್ದರಿಂದ ಮುಖ ನೋಡಿ ತೀರ್ಮಾನ ಮಾಡದೆ ಅವಳನ್ನೇ ಕೇಳಬೇಕು.

ಒತ್ತಡದಿಂದ ಮೊಡವೆ, ಮೊಡವೆಯಿಂದ ಒತ್ತಡ

ಪರೀಕ್ಷೆ ಹತ್ತಿರ ಬಂದಾಗ ಮೊಡವೆ ಜಾಸ್ತಿಯಾಯಿತು ಎಂದು ಮಕ್ಕಳು ಹೇಳುವುದುಂಟು. ಅಮೇರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 22 ವಿದ್ಯಾರ್ಥಿಗಳನ್ನು ಪರೀಕ್ಷೆ ಇಲ್ಲದಾಗ ಒಮ್ಮೆ, ಪರೀಕ್ಷೆಯ ಸಮಯದಲ್ಲಿ ಒಮ್ಮೆ ನೋಡಿ, 2003ರಲ್ಲಿ ಅದರ ವರದಿ ಪ್ರಕಟಿಸಿದರು. ಯಾರಿಗೆ ಒತ್ತಡ ಹೆಚ್ಚಾಗಿತ್ತೋ ಅವರ ಮೊಡವೆಯೂ ಹೆಚ್ಚಾಗಿತ್ತು. ಇದು ಸಣ್ಣ ಅಧ್ಯಯನವೇ. ಆದರೆ ಮಕ್ಕಳ ಮಾತು ಸುಳ್ಳಲ್ಲ ಎಂದು ತೋರಿಸಿತು.

ಇದು ಹೇಗೆ ಆಗುತ್ತದೆ? ಮನಸ್ಸಿಗೆ ಭಯ, ಚಿಂತೆ ಆದಾಗ ದೇಹ ಒತ್ತಡದ ಹಾರ್ಮೋನುಗಳನ್ನು ಬಿಡುತ್ತದೆ. ಎಣ್ಣೆ ಗ್ರಂಥಿಗಳು ಈ ಹಾರ್ಮೋನುಗಳ ಮಾತು ಕೇಳುತ್ತವೆ. ಜಿಡ್ಡು, ಊತ ಎರಡೂ ಏರುತ್ತವೆ. ಜೊತೆಗೆ ನಿದ್ದೆ ಕೆಡುತ್ತದೆ. ಆತಂಕದಲ್ಲಿ ಕೈ ತಾನಾಗಿಯೇ ಮುಖಕ್ಕೆ ಹೋಗುತ್ತದೆ. ಕನ್ನಡಿ ಮುಂದೆ ನಿಂತು ಹಿಸುಕುವುದು, ಕೆರೆಯುವುದು ಶುರುವಾಗುತ್ತದೆ. ಹಿಸುಕಿದ ಮೊಡವೆ ಗುಳಿ ಬಿಟ್ಟು ಹೋಗುತ್ತದೆ. ಅದನ್ನು ನೋಡಿ ಮತ್ತೆ ಚಿಂತೆ. ಹೀಗೆ ಗಾಣದೆತ್ತಿನ ಹಾಗೆ ಒಂದೇ ಸುತ್ತಿನಲ್ಲಿ ತಿರುಗುವುದು.

ಒತ್ತಡ ಒಂದೇ ಮೊಡವೆಗೆ ಕಾರಣ ಎಂದು ಇದರ ಅರ್ಥವಲ್ಲ. "ಚಿಂತೆ ಬಿಡು, ಸರಿಹೋಗುತ್ತೆ" ಎಂದರೆ ಅದೂ ಅವಳ ತಲೆಗೇ ಕಟ್ಟಿದ ಹಾಗೆ. ಚರ್ಮಕ್ಕೆ ಔಷಧಿಯೂ ಬೇಕು, ಮನಸ್ಸಿಗೆ ಆಸರೆಯೂ ಬೇಕು.

ಅಂಗಡಿಯ ಟ್ಯೂಬು ತರುವ ಅಪಾಯ

ನೊಂದ ಮನಸ್ಸು ಬೇಗ ಗುಣವಾಗುವ ದಾರಿ ಹುಡುಕುತ್ತದೆ. ಯಾರೋ ಹೇಳಿದರು ಎಂದು ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬು ಕೇಳಿ ತರುತ್ತಾರೆ. ಹಚ್ಚಿದ ನಾಲ್ಕೇ ದಿನಕ್ಕೆ ಮುಖ ತಿಳಿಯಾಗುತ್ತದೆ, ಬೆಳ್ಳಗೂ ಕಾಣುತ್ತದೆ. ಮನೆಯವರಿಗೆಲ್ಲಾ ಸಂತೋಷ. ಇಂಥ ಎಷ್ಟೋ ಟ್ಯೂಬುಗಳಲ್ಲಿ ಇರುವುದು ಸ್ಟೀರಾಯ್ಡ್. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳನ್ನು ಟ್ಯೂಬಿನ ಮೇಲೆ ಹುಡುಕಿ ನೋಡಿ. ಓದಲು ಬರುವ ಮಕ್ಕಳಿಂದ ಓದಿಸಿ.

ಇದು ಕೆಲವು ಚರ್ಮರೋಗಗಳಿಗೆ ವೈದ್ಯರು ಸ್ವಲ್ಪ ದಿನಕ್ಕೆ ಕೊಡುವ ಒಳ್ಳೆಯ ಔಷಧಿಯೇ. ಆದರೆ ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಬಿಸಿಲಿಗೆ ಉರಿಯುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಮೊಡವೆಯೂ ಹೆಚ್ಚುತ್ತದೆ! ಬಿಟ್ಟರೆ ಮುಖ ಬೆಂಕಿಯ ಹಾಗೆ. ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ. ನಮ್ಮ ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗೆ ಬಂದ 2,926 ಜನರನ್ನು ಪರೀಕ್ಷಿಸಿದ ವರದಿ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಜನ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಿಗೆ ಆದ ತೊಂದರೆಗಳಲ್ಲಿ ಮೊದಲನೆಯದು ಮೊಡವೆಯೇ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿತು. ಆದ್ದರಿಂದ ಚೀಟಿ ಇಲ್ಲದೆ ಕೇಳಬೇಡಿ, ಕೊಟ್ಟರೂ ತರಬೇಡಿ. ಈಗಾಗಲೇ ತುಂಬಾ ದಿನದಿಂದ ಹಚ್ಚುತ್ತಿದ್ದರೆ ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ವೈದ್ಯರ ಹತ್ತಿರ ಹೋಗಿ. ಹೇಗೆ ನಿಲ್ಲಿಸಬೇಕು ಎಂದು ಅವರು ಹೇಳುತ್ತಾರೆ. ನಿಂಬೆರಸ, ಟೂತ್‌ಪೇಸ್ಟ್, ಸುಣ್ಣ ಹಚ್ಚುವುದೂ ಬೇಡ. ಚರ್ಮ ಸುಟ್ಟು ಕಲೆ ಉಳಿಯುತ್ತದೆ.

ಸರಿಯಾದ ಚಿಕಿತ್ಸೆ ಇದೆ

ತೀವ್ರ ಮೊಡವೆಯನ್ನು ಎಷ್ಟು ಬೇಗ ತೋರಿಸುತ್ತೇವೋ ಅಷ್ಟು ಗುಳಿ, ಕಲೆ ಕಡಿಮೆ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಕೇಳಿದರೂ ಆಯಿತು. ಹಚ್ಚುವ ಮುಲಾಮು, ನುಂಗುವ ಮಾತ್ರೆ ಎರಡೂ ಇವೆ. ಜನೌಷಧಿ ಕೇಂದ್ರದಲ್ಲಿ ಸಿಗುವ ಔಷಧಿಗೆ ಖರ್ಚು ಕಡಿಮೆ.

ಮೂರು ವಿಷಯ ನೆನಪಿಡಿ.

1. ಔಷಧಿ ಕೆಲಸ ಮಾಡಿದ್ದು ಕಾಣಲು ಎರಡು ಮೂರು ತಿಂಗಳು ಬೇಕು. ಶುರುವಿನಲ್ಲಿ ಸ್ವಲ್ಪ ಒಣಗುವುದು, ಉರಿಯುವುದು ಇರಬಹುದು. ಹತ್ತು ದಿನಕ್ಕೆ ಬಿಟ್ಟು ಇನ್ನೊಬ್ಬ ವೈದ್ಯರ ಹತ್ತಿರ ಓಡಬೇಡಿ.

2. ಗಂಟು ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಕೊಡುವುದುಂಟು. ಇದು ಬಹಳ ಪರಿಣಾಮಕಾರಿ. ಆದರೆ ಗರ್ಭಿಣಿ ನುಂಗಿದರೆ ಮಗುವಿಗೆ ಗಂಭೀರ ಅಂಗದೋಷ ಬರಬಹುದು. ಮಾತ್ರೆ ನುಂಗುವಾಗಲೂ, ನಿಲ್ಲಿಸಿದ ಮೇಲೆ ಕಡಿಮೆ ಅಂದರೆ ಒಂದು ತಿಂಗಳೂ ಗರ್ಭ ನಿಲ್ಲಬಾರದು. ಮದುವೆ ನಿಶ್ಚಯವಾಗಿದ್ದರೆ, ಮದುವೆ ಆಗಿದ್ದರೆ ಸಂಕೋಚ ಪಡದೆ ವೈದ್ಯರಿಗೆ ಹೇಳಿ. ಒಬ್ಬರಿಗೆ ಬರೆದ ಮಾತ್ರೆಯನ್ನು ಅಕ್ಕ ತಂಗಿಯರು ಹಂಚಿಕೊಳ್ಳಲೇಬಾರದು.

3. ಈ ಮಾತ್ರೆ ನುಂಗುವಾಗ ಮಗಳ ಮನಸ್ಸು ತೀರಾ ಕುಗ್ಗಿದ ಹಾಗೆ ಕಂಡರೆ ಕಾಯಬೇಡಿ, ವೈದ್ಯರಿಗೆ ತಿಳಿಸಿ. ಮೊದಲೇ ಖಿನ್ನತೆ ಇದ್ದರೆ ಅದನ್ನೂ ಮೊದಲೇ ಹೇಳಿ.

ಮನೆಯಲ್ಲಿ ನಾವು ಗಮನಿಸಬೇಕಾದದ್ದು

ಎರಡು ವಾರಕ್ಕಿಂತ ಹೆಚ್ಚು ದಿನ ಕೆಳಗಿನವು ಕಂಡರೆ ಅದು ಮುಖದ ಮಾತು ಮಾತ್ರ ಅಲ್ಲ ಎಂದು ತಿಳಿಯಿರಿ.

• ಮಂಕಾಗಿ ಇರುವುದು, ಸುಮ್ಮಸುಮ್ಮನೆ ಅಳುವುದು, ಸಣ್ಣದಕ್ಕೂ ರೇಗುವುದು
• ನಿದ್ದೆ, ಊಟ ಕೆಡುವುದು
• ಗೆಳತಿಯರನ್ನು, ಹಬ್ಬ, ಜಾತ್ರೆ, ದೇವಾಲಯಕ್ಕೆ ಹೋಗುವುದನ್ನು ಬಿಡುವುದು
• ಗಂಟೆಗಟ್ಟಲೆ ಕನ್ನಡಿ ನೋಡುವುದು, ಇಲ್ಲವೇ ಕನ್ನಡಿ ಕಂಡರೆ ಆಗದಿರುವುದು
• ಶಾಲೆ, ಕಾಲೇಜು ತಪ್ಪಿಸುವುದು, ಅಂಕ ಇಳಿಯುವುದು
• "ನಾನು ಯಾರಿಗೂ ಬೇಡ", "ನಾನು ಇರೋದೇ ದಂಡ" ಎಂಬ ಮಾತು, ಮೈಗೆ ಗಾಯ ಮಾಡಿಕೊಳ್ಳುವುದು

ಕೊನೆಯದು ಕೇಳಿಬಂದರೆ ಆವತ್ತೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. "ಸಾಯಬೇಕು ಅಂತ ಅನ್ನಿಸುತ್ತಾ ಮಗಳೇ?" ಎಂದು ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಬಾಗಿಲು ತೆರೆದ ಹಾಗೆ ಆಗುತ್ತದೆ. ಅವಳನ್ನು ಒಬ್ಬಳೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳಲು ಇಷ್ಟವಿಲ್ಲದಿದ್ದರೂ ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಎಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ನಿಮಗೆ ಹತ್ತಿರದ್ದು ಎಲ್ಲಿದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ನಾಲಿಗೆಗೂ ಕಡಿವಾಣ ಬೇಕು

ಬೈಬಲಿನಲ್ಲಿ ಯೋಬನ ಕಥೆ ಇದೆ. ಅಂಗಾಲಿನಿಂದ ನೆತ್ತಿಯವರೆಗೂ ಹುಣ್ಣಾಗಿ ಅವನು ಬೂದಿಯಲ್ಲಿ ಕೂತಿದ್ದ. ಮೂವರು ಗೆಳೆಯರು ನೋಡಲು ಬಂದರು. ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಅವರು ನಿಜವಾದ ಗೆಳೆಯರು. ಆಮೇಲೆ ಬಾಯಿ ತೆರೆದರು. "ನೀನೇ ಏನೋ ತಪ್ಪು ಮಾಡಿರಬೇಕು" ಎಂದು ಶುರುಮಾಡಿದರು. ಯೋಬನಿಗೆ ಹುಣ್ಣಿನ ನೋವಿನ ಜೊತೆಗೆ ಈ ಮಾತಿನ ನೋವೂ ಸೇರಿತು. ಕೊನೆಗೆ ದೇವರು ಮೆಚ್ಚಿದ್ದು ಆ ಗೆಳೆಯರ ಮಾತನ್ನಲ್ಲ.

ನಮ್ಮ ಸಂಘದಲ್ಲಿ ಯಾವ ಧರ್ಮದವರೇ ಇರಲಿ, ಈ ಕಥೆ ಎಲ್ಲರಿಗೂ ಅರ್ಥವಾಗುತ್ತದೆ. ನಾವು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. "ಅಯ್ಯೋ, ಮುಖಕ್ಕೆ ಏನಾಯ್ತೇ?" ಎನ್ನುವುದು ಪ್ರೀತಿಯಿಂದಲೇ. ಆದರೆ ಬಸ್ ಸ್ಟಾಪಿನಲ್ಲಿ ಒಬ್ಬರು, ಹಾಲಿನ ಡೇರಿಯಲ್ಲಿ ಒಬ್ಬರು, ಸಭೆಯಲ್ಲಿ ಇನ್ನೊಬ್ಬರು ಕೇಳಿದರೆ ಆ ಮಗು ದಿನಕ್ಕೆ ಹತ್ತು ಸಲ ಉತ್ತರ ಹೇಳಬೇಕು. ಕೇಳುವವರಿಗೆ ಒಂದು ಮಾತು, ಅವಳಿಗೆ ಹತ್ತು ಮುಳ್ಳು.

ಹಾಗಾದರೆ ಏನು ಹೇಳಬೇಕು? ಅವಳು ಓದುತ್ತಿರುವುದರ ಬಗ್ಗೆ, ಹೊಲಿಗೆ ಬಗ್ಗೆ, ಅವಳ ಆಟದ ಬಗ್ಗೆ ಕೇಳಿ. ಮುಖದ ಮಾತು ಅವಳೇ ತೆಗೆದರೆ ಕಿವಿಗೊಡಿ. "ಇದು ನಿನ್ನ ತಪ್ಪಲ್ಲ. ಇದಕ್ಕೆ ಔಷಧಿ ಇದೆ. ನಾನು ಜೊತೆಗೆ ಬರ್ತೀನಿ" ಎಂಬ ಮೂರು ಮಾತು ಸಾಕು. ತಂಗಿಯ ಮುಖದೊಂದಿಗೆ ಹೋಲಿಸಬೇಡಿ. "ಗಂಡು ಸಿಗಲ್ಲ" ಎಂಬ ಮಾತನ್ನು ಮನೆಯಿಂದಲೇ ಆಚೆ ಹಾಕಿ.

ಸಂಘ ಏನು ಮಾಡಬಹುದು?

ಹತ್ತು ರೂಪಾಯಿ ಉಳಿತಾಯದಿಂದ ಶುರುಮಾಡಿ ಬ್ಯಾಂಕಿನ ಮುಂದೆ ಧೈರ್ಯವಾಗಿ ನಿಲ್ಲಲು ಕಲಿತವರು ನಾವು. ಇದೂ ನಮ್ಮಿಂದ ಆಗದ ಕೆಲಸವಲ್ಲ.

• ಮುಂದಿನ ಸಭೆಗೆ ಆಶಾ ಕಾರ್ಯಕರ್ತೆಯನ್ನು ಅಥವಾ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕರೆಯಿರಿ. ಹರೆಯದ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಕರೆತನ್ನಿ.
• ಎಲ್ಲರೂ ಮನೆಯಲ್ಲಿರುವ ಮುಖದ ಟ್ಯೂಬುಗಳನ್ನು ಸಭೆಗೆ ತಂದು ಹೆಸರು ಓದಿಸಿ ನೋಡಿ.
• ಜಿಲ್ಲಾ ಆಸ್ಪತ್ರೆಗೆ ಹೋಗುವ ಬಸ್ ಚಾರ್ಜು, ಔಷಧಿಗೆ ಆಂತರಿಕ ಸಾಲದಲ್ಲಿ ಅವಕಾಶ ಕೊಡಿ. ಮುಖ ಬೆಳ್ಳಗಾಗುವ ಕ್ರೀಮಿಗೆ ತಿಂಗಳು ತಿಂಗಳು ಹಾಕುವ ದುಡ್ಡಿಗಿಂತ ಇದು ಕಡಿಮೆಯೇ ಆದೀತು.
• ತಾಯಿಗೆ ಕೂಲಿ ಬಿಟ್ಟು ಹೋಗಲು ಆಗದಿದ್ದರೆ ಸದಸ್ಯೆಯರಲ್ಲಿ ಒಬ್ಬರು ಆ ಮಗುವಿನ ಜೊತೆ ಹೋಗಿ.
• 14416 ಸಂಖ್ಯೆಯನ್ನು ಸಂಘದ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಹರೆಯದಲ್ಲಿ ನಮ್ಮ ರೂಪದ ಬಗ್ಗೆ ಯಾರಾದರೂ ಆಡಿದ ಮಾತು ಈಗಲೂ ನೆನಪಿದೆಯಾ? ಅದೇ ಮಾತನ್ನು ನಾವು ಈಗ ಯಾರಿಗಾದರೂ ಆಡುತ್ತಿದ್ದೇವಾ?
2. ನಮ್ಮ ಊರಿನಲ್ಲಿ ಮುಖದ ತೊಂದರೆಯಿಂದ ಹೊರಗೆ ಬರುವುದನ್ನೇ ಬಿಟ್ಟ ಮಕ್ಕಳಿದ್ದಾರಾ? ಹೆಸರು ಎತ್ತಿ ಆಡಿಕೊಳ್ಳದೆ ಅವರ ಮನೆಗೆ ಯಾರು, ಹೇಗೆ ಹೋಗಬಹುದು?
3. ಗಂಡುಮಕ್ಕಳ ಜೊತೆ ಈ ಮಾತು ಆಡುವುದು ಹೇಗೆ?

ಸಹೋದರಿಯರೇ, ಮೊಡವೆ ಗುಣವಾಗಲು ತಿಂಗಳುಗಳು ಬೇಕು. ಆದರೆ ಆ ಮಗುವಿನ ಮುಖದ ಬಗ್ಗೆ ಆಡುವ ಮಾತನ್ನು ಇವತ್ತು ಸಂಜೆಯಿಂದಲೇ ನಿಲ್ಲಿಸಬಹುದು. ಅದಕ್ಕೆ ಸಾಲ ಬೇಡ, ಚೀಟಿ ಬೇಡ, ಯಾರ ಅಪ್ಪಣೆಯೂ ಬೇಡ. ಅಲ್ಲಿಂದಲೇ ಶುರುಮಾಡೋಣ.